ಹಾಲಿನ ಕ್ಯಾನಿನಲ್ಲಿ ಬಂದ ಎಣ್ಣೆ

ಈಗ ಯಾವ ಕಾರಿನಲ್ಲಿ ಕುಳಿತರೂ ನಾನು ಮೊದಲು ನೋಡುವುದು ನನ್ನ ಪಕ್ಕದ ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂಬುದನ್ನು. ಗೋಡೆಗೆ ಒತ್ತಿ ನಿಲ್ಲಿಸಿದ ಗಾಡಿ ಹತ್ತುವುದಿಲ್ಲ. ಸ್ವಲ್ಪ ಮುಂದೆ ತಂದು ನಿಲ್ಲಿಸಿ ಎನ್ನುತ್ತೇನೆ. ಕ್ಯಾಬ್‌ನವರು ಗೊಣಗುತ್ತಾರೆ, ಗೊಣಗಲಿ.

"ಏನೂ ಆಗ್ಲಿಲ್ವಲ್ಲ ಮಗಳೆ, ಬಿಟ್ಬಿಡು ಇನ್ನ," ಎನ್ನುತ್ತಾರೆ ಅಪ್ಪ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು ಅವರು. ಯಂತ್ರದ ಪಕ್ಕ ನಿಂತು ಬದುಕಿದವರಿಗೆ ಕೂದಲೆಳೆಯಲ್ಲಿ ತಪ್ಪಿದ್ದು ಲೆಕ್ಕಕ್ಕಿಲ್ಲ. ನಾನು ಒಪ್ಪುವುದಿಲ್ಲ. ಆಗಿದ್ದು ಬೇಕಾದಷ್ಟಿದೆ. ಯಾರೂ ಸಾಯಲಿಲ್ಲ, ಅಷ್ಟೆ. ಸಾಯದೆ ಉಳಿದವರು ಅದೇ ಕಾರಣಕ್ಕೆ ಬಾಯಿ ಮುಚ್ಚಿಕೊಂಡಿರಬೇಕು ಎಂಬ ನಿಯಮ ಯಾರು ಮಾಡಿದ್ದೋ ನನಗೆ ಗೊತ್ತಿಲ್ಲ. ನನಗೆ ಅದು ಬೇಡ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ್ದು ಮತ್ತಿಕೆರೆಯಲ್ಲಿ ಬಾಡಿಗೆ ಕೋಣೆ ಹಿಡಿದು. ಓದು ಮುಗಿದ ಮೇಲೆ ಯಶವಂತಪುರದ ಒಂದು ಗ್ಯಾರೇಜಿಗೆ ಸೇರಿದೆ. ವಿದೇಶಿ ಕಾರುಗಳನ್ನಷ್ಟೇ ರಿಪೇರಿ ಮಾಡುವ ಗ್ಯಾರೇಜು ಅದು. ಸರ್ವಿಸ್ ಅಡ್ವೈಸರ್ ಎಂದು ನನ್ನ ಹುದ್ದೆಯ ಹೆಸರು. ಗ್ರಾಹಕರು ಹೇಳಿದ್ದನ್ನು ಕೇಳಿಸಿಕೊಂಡು, ಕಾರಿಗೆ ಏನು ಆಗಬೇಕೆಂದು ಜಾಬ್ ಕಾರ್ಡಿನಲ್ಲಿ ಬರೆದು, ಮೆಕ್ಯಾನಿಕ್‌ಗಳ ಕೈಗೆ ಕೊಡುವುದು ಕೆಲಸ. ನಾನು ಬರೆದದ್ದೇ ಆಗಬೇಕು, ಬರೆಯದ್ದು ಆಗಬಾರದು. ಕಾಗದದ ಮೇಲೆ ಹೀಗೆ.

ಎಣ್ಣೆ ಬಂದಿದ್ದು ಮಳೆಗಾಲದಲ್ಲಿ. ಯಲಹಂಕದ ಆಚೆಗಿನ ಹಳೆಯ ಊರಿನ ಒಬ್ಬ ಯಜಮಾನರು ನಮ್ಮ ಗ್ರಾಹಕರು. ಅವರ ತಂದೆ ಹೊಲ ಉತ್ತು, ಹಸು ಕಟ್ಟಿ, ಡೈರಿಗೆ ಹಾಲು ಹಾಕುತ್ತಿದ್ದವರು. ಈಗ ಆ ಹೊಲದಲ್ಲಿ ಲೇಔಟು. ಯಜಮಾನರು ಕಟ್ಟಡ ಕಟ್ಟಿಸುತ್ತಾರೆ, ಟಿಪ್ಪರ್ ಓಡಿಸುತ್ತಾರೆ. ಅವರ ಕಾರು ಎಂಟು ಸಿಲಿಂಡರಿನದು, ಎರಡು ಟರ್ಬೊ ಇರುವಂಥದ್ದು. ಪೆಡಲ್ ಮುಟ್ಟಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಅವತ್ತು ಅದು ಆಯಿಲ್ ಬದಲಿಸಲು ಬಂದಿತ್ತು. ಡ್ರೈವರ್ ಡಿಕ್ಕಿ ತೆಗೆದು ಅದರೊಳಗಿಂದ ಅಲ್ಯೂಮಿನಿಯಂ ಹಾಲಿನ ಕ್ಯಾನೊಂದನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟರು.

"ಏನಣ್ಣ ಇದು, ಹಾಲಾ?" ಎಂದು ಕೇಳಿದೆ.

"ಊಂ, ಕಾರಿಗೆ ಆಲು," ಎಂದರು ಯಜಮಾನರು. ತಾವೇ ಬಗ್ಗಿ ಮುಚ್ಚಳ ತೆಗೆದರು. ಒಳಗೆ ಬೆಲ್ಲದ ಪಾಕದಂಥ ಕಂದು ಎಣ್ಣೆ. "ನಮ್ಮನೆ ಡ್ರಮ್ಮಿಂದು. ಟಿಪ್ಪರು, ಲಾರಿ, ಟ್ರಾಕ್ಟರು ಎಲ್ಲಾ ಇದನ್ನೇ ಕುಡಿಯೋದು. ಒಂದ್ ಮನೆ ಅಂದ್ಮೇಲೆ ಒಂದೇ ಅಡಿಗೆ ಕಣಮ್ಮ. ಇವನೊಬ್ನಿಗೆ ಬ್ಯಾರೆ ಒಲೆ ಅಚ್ಚಾಕಾಯ್ತದಾ?"

ಅವರು ತಮಾಷೆಗೆ ಹೇಳಿದ್ದಲ್ಲ. ಆ ಮನೆಯ ರೀತಿಯೇ ಹಾಗೆ. ಅವರೇ ಹೇಳಿದಂತೆ, ತಂದೆಯ ಕಾಲದಿಂದ ಅಂಗಳದ ಶೆಡ್ಡಿನಲ್ಲಿ ಒಂದು ಡ್ರಮ್ಮು, ಅದಕ್ಕೊಂದು ಕೈಪಂಪು. ಮನೆಗೆ ಯಾವ ಗಾಡಿ ಬಂದರೂ ಅದರದ್ದೇ ಎಣ್ಣೆ. ಹೊಸ ಗಾಡಿ ಬಂದಾಗ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಮೊದಲ ಸರ್ವಿಸ್ಸಿಗೆ ಡ್ರಮ್ಮಿನ ಎಣ್ಣೆ ಹಾಕಿದರೆ ಅದು ಮನೆಯದ್ದಾಯಿತು ಎಂದು ಅರ್ಥ. ಈ ಕಾರು ಇಷ್ಟು ದಿನ ಷೋರೂಮಿನ ಸರ್ವಿಸ್ಸಿನಲ್ಲಿತ್ತು. ಆ ಅವಧಿ ಮುಗಿದು ನಮ್ಮಲ್ಲಿಗೆ ಬಂದದ್ದೇ ಅದನ್ನೂ ಪಂಕ್ತಿಯಲ್ಲಿ ಕೂರಿಸುವ ಹೊತ್ತು ಬಂದಿತ್ತು.

ನಾನು ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಿಂದ ಕೈಪಿಡಿ ತೆಗೆದೆ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಬಿಚ್ಚಿರಲಿಲ್ಲ. ಯಾವ ಎಣ್ಣೆ ಎಂದು ಅಲ್ಲಿ ಸ್ಪಷ್ಟವಾಗಿತ್ತು: ಝೀರೋ ಡಬ್ಲ್ಯೂ ಫಾರ್ಟಿ, ಸಿಂಥೆಟಿಕ್, ಜೊತೆಗೆ ಕಾರು ಮಾಡಿದವರು ಪರೀಕ್ಷಿಸಿ ಒಪ್ಪಿದ ಗುರುತಿನ ಸಂಖ್ಯೆ. ಆ ಸಂಖ್ಯೆ ಡಬ್ಬಿಯ ಮೇಲೂ ಇರಬೇಕು. ಓದಿ ಹೇಳಿದೆ.

"ಈ ಪುಸ್ತಕ ಬರ್ದೋನ ಊರಲ್ಲಿ ಐಸು ಬೀಳ್ತದೆ," ಎಂದರು ಯಜಮಾನರು. "ಅದಕ್ಕೇ ನೀರಿನಂಗಿರೋದು ಆಕ್ತಾನೆ. ನಮ್ಮೂರಲ್ಲಿ ಎಲ್ಲೈತಮ್ಮ ಐಸು?"

ಅದು ದಡ್ಡರ ಮಾತಲ್ಲ. ಮೊದಲ ಅಂಕಿ ಚಳಿಯದ್ದೇ: ತಣ್ಣಗಿರುವಾಗ ಎಣ್ಣೆ ಎಷ್ಟು ಬೇಗ ಹರಿದು ಮೂಲೆ ಮೂಲೆ ಮುಟ್ಟುತ್ತದೆ ಎಂದು ಹೇಳುತ್ತದೆ. ಎರಡನೆಯದು ಬಿಸಿಯದ್ದು: ಇಂಜಿನ್ ಕಾದ ಮೇಲೂ ಎಣ್ಣೆಗೆ ಎಷ್ಟು ಮೈ ಉಳಿದಿರುತ್ತದೆ ಎಂದು. ಅಂಕಿಗಳಷ್ಟೇ ಆಗಿದ್ದರೆ ಅವರೊಡನೆ ವಾದ ಮಾಡಬಹುದಿತ್ತೇನೋ. ಟರ್ಬೊದ ವಿಷಯ ಬೇರೆ. ಇಂಜಿನ್ನಿನ ಬೆಂಕಿಯಂಥ ಹೊಗೆಯಲ್ಲಿ ತಿರುಗುವ ಸಣ್ಣ ಚಕ್ರ ಅದು. ಅದರ ಅಚ್ಚಿಗೆ ಎಣ್ಣೆ ಹೋಗುವ ಕೊಳವೆ ಪೆನ್ನಿನ ರೀಫಿಲ್ಲಿಗಿಂತ ಸ್ವಲ್ಪ ದಪ್ಪ. ಆ ಶಾಖದಲ್ಲಿ ಸಾಧಾರಣ ಎಣ್ಣೆ ಸೀದು ಕರಿಯಾಗುತ್ತದೆ. ಕೊಳವೆ ಕಟ್ಟಿಕೊಂಡರೆ ಟರ್ಬೊ ಒಣಗುತ್ತದೆ. ಇದನ್ನೂ ಹೇಳಿದೆ.

ನಮ್ಮ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಆರ್.ಟಿ. ನಗರದವರು. ಎಲ್ಲರಿಗೂ ಚಾಚಾ. ನಲವತ್ತು ವರ್ಷದ ಅನುಭವ. ಯಜಮಾನರು ಅವರನ್ನು ಕರೆದರು. ಚಾಚಾ ಕ್ಯಾನಿಗೆ ಬೆರಳು ಅದ್ದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಣ್ಣೆಯನ್ನು ಉಜ್ಜಿ, ಬೆರಳುಗಳನ್ನು ನಿಧಾನವಾಗಿ ಬಿಡಿಸಿ, ಎಳೆ ಎಷ್ಟು ಉದ್ದ ಬರುತ್ತದೆಂದು ನೋಡಿದರು. ಈ ಪರೀಕ್ಷೆಯ ತೀರ್ಪಿಗೆ ನಮ್ಮ ಗಲ್ಲಿಯಲ್ಲಿ ಎದುರು ಮಾತಿರಲಿಲ್ಲ.

"ಮಾಲ್ ಗಟ್ಟಿ ಐತೆ," ಎಂದರು ಚಾಚಾ. ನಮ್ಮ ಕಪಾಟಿನಲ್ಲಿದ್ದ ಸಿಂಥೆಟಿಕ್ ಡಬ್ಬಿಯಿಂದಲೂ ಒಂದು ಹನಿ ಉಜ್ಜಿ ಮುಖ ಹುಳ್ಳಗೆ ಮಾಡಿದರು. "ಇದು ಪಾನಿ ಬೇಟಿ. ಪಾನಿ ಹಾಕಿದ್ರೆ ಇಂಜಿನ್ ನಿಲ್ತದಾ?"

ನಾನು ಜಾಬ್ ಕಾರ್ಡಿನಲ್ಲಿ ಬರೆದೆ: ಗ್ರಾಹಕರು ತಂದ ಎಣ್ಣೆ, ಕೈಪಿಡಿ ಹೇಳಿದ್ದಲ್ಲ, ಹಾಕಬಾರದೆಂದು ತಿಳಿಸಲಾಗಿದೆ. ನಮ್ಮ ಬಾಸ್ ಕಾರ್ಡು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಅವರ ಮನೇಲಿ ನಾಲ್ಕ್ ಕಾರಿದೆ ಮೇಡಮ್. ಒಂದ್ ಲೈನಿಗೆ ನಾಲ್ಕ್ ಕಾರ್ ಕಳ್ಕೊಳ್ಳೋದಾ? ಹೊಡೆದ್ಹಾಕಿ ಅದನ್ನ."

ಹೊಡೆದುಹಾಕಿದೆ. ಪೆನ್ನು ನನ್ನದು, ಕೈ ನನ್ನದು, ಗೀಟು ನನ್ನದು. ಬಾಸ್ ಹೇಳಿದರು, ಚಾಚಾ ಹೇಳಿದರು, ಯಜಮಾನರು ಹೇಳಿದರು ಎಂದು ಎಷ್ಟು ಸುತ್ತಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತೇನೆ. ಗೊತ್ತಿದ್ದವಳು ನಾನೊಬ್ಬಳೇ.

ಐದು ತಿಂಗಳು ಏನೂ ಆಗಲಿಲ್ಲ. ಯಜಮಾನರು ಒಮ್ಮೆ ಬಂದಾಗ, "ನೋಡಮ್ಮ, ಎಂಗ್ ಓಡ್ತಾವ್ನೆ," ಎಂದು ಬಾನೆಟ್ ತಟ್ಟಿ ಹೋದರು. ಚಳಿಗಾಲದಲ್ಲಿ ಅವರ ಫೋನು ಬಂತು. ವೇಗ ಹೆಚ್ಚಿಸಿದರೆ ಸಿಳ್ಳೆ ಹೊಡೆದಂತೆ ಸದ್ದು ಬರುತ್ತಿದೆ ಎಂದರು. ಸದ್ದು ಕೇಳಿಕೊಂಡು ಬರಲು ಬಾಸ್ ನನ್ನನ್ನೇ ಕಳಿಸಿದರು. ಬೆಳಿಗ್ಗೆ ಏಳಕ್ಕೆ ಯಲಹಂಕದಲ್ಲಿ ಕಾರು ಹತ್ತಿ, ಡ್ರೈವರ್ ಜೊತೆ ಹೆಬ್ಬಾಳದ ಮೇಲೆ ಯಶವಂತಪುರಕ್ಕೆ ಬರುವುದು ಎಂದಾಯಿತು.

ಡ್ರೈವರಿಗೆ ಐವತ್ತರ ಹತ್ತಿರ. ಇಪ್ಪತ್ತಮೂರು ವರ್ಷದಿಂದ ಓಡಿಸುತ್ತಿದ್ದೇನೆ, ಒಂದು ಗೀರೂ ಬಿದ್ದಿಲ್ಲ ಎಂದು ಕೇಳದಿದ್ದರೂ ಹೇಳುವ ಮನುಷ್ಯ. ಅವತ್ತೂ ಹೇಳಿದರು. ಕಾರು ಫ್ಲೈಓವರಿನ ಏರುರಸ್ತೆಗೆ ಹತ್ತಿತು. ಅಲ್ಲಿ ಪಕ್ಕಕ್ಕೆ ಸರಿದು ನಿಲ್ಲಲು ಜಾಗವಿಲ್ಲ. ಎರಡೂ ಬದಿಗೆ ಸಿಮೆಂಟಿನ ಗೋಡೆ. ನಾನು ಮೀಟರಿನ ಮೇಲೆ ಕಣ್ಣಿಟ್ಟಿದ್ದೆ, ಯಾವ ವೇಗದಲ್ಲಿ ಸದ್ದು ಶುರುವಾಗುತ್ತದೆಂದು ಬರೆದುಕೊಳ್ಳಬೇಕಿತ್ತು. ಎಪ್ಪತ್ತರ ಆಸುಪಾಸು. ಎಂಬತ್ತು ಮುಟ್ಟಲಿಲ್ಲ. ಮೀಟರ್ ಪಟ್ಟಿಯಲ್ಲಿ ಒಂದೂ ಎಚ್ಚರಿಕೆಯ ದೀಪ ಹೊತ್ತಿರಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ, ಎಷ್ಟು ಸಲ ಬೇಕಾದರೂ ಹೇಳಬಲ್ಲೆ.

ಸಿಳ್ಳೆ ಬಂತು. ನೋಡನೋಡುತ್ತ ಕೀರಲಾಯಿತು. ಮತ್ತೆ ಟಪ್ ಎಂದು ಏನೋ ಬಿಟ್ಟುಕೊಂಡ ಸದ್ದು. ಡ್ರೈವರ್ ಪೆಡಲ್ ಒತ್ತಿದರು, ಕಾರು ಕೇಳಲಿಲ್ಲ. ಹಿಂದಿನ ಗಾಜು ಬೆಳ್ಳಗಾಯಿತು. ಮೊದಲು ಮಂಜು ಎಂದುಕೊಂಡೆ. ನೀಲಿ ಬೆರೆತ ಬಿಳಿ ಹೊಗೆ ಅದು. ಟರ್ಬೊ ಒಡೆದು, ಎಣ್ಣೆ ಕಾದ ಸೈಲೆನ್ಸರಿಗೆ ನುಗ್ಗಿ ಉರಿದರೆ ಬರುವಂಥದ್ದು. ಕಾರಿನ ಹಿಂದೆ ರಸ್ತೆಯೇ ಇಲ್ಲದಂತೆ ಕಟ್ಟಿಕೊಂಡಿತು. ವೇಗ ಇಳಿದ ಹಾಗೆ ಹೊಗೆ ನಮ್ಮನ್ನೂ ದಾಟಿ ಮುಂದೆ ಹೋಯಿತು.

ಅವರು ಬ್ರೇಕ್ ತುಳಿಯಲಿಲ್ಲ. ನಾನಾಗಿದ್ದರೆ ತುಳಿಯುತ್ತಿದ್ದೆ. ಹಿಂದೆ ಬರುವವರು ಕುರುಡರಾಗಿದ್ದಾರೆ, ನಡುರಸ್ತೆಯಲ್ಲಿ ನಿಂತರೆ ಮುಗಿಯಿತು ಎಂದು ಅವರಿಗೆ ಆ ಕ್ಷಣಕ್ಕೆ ಹೊಳೆದಿತ್ತು. ನಾಲ್ಕೂ ಇಂಡಿಕೇಟರ್ ಹಾಕಿ, ಕಾರನ್ನು ಉರುಳಲು ಬಿಟ್ಟು, ಎಡಗೋಡೆಯ ಪಕ್ಕಕ್ಕೆ ತಂದು, ಇಂಜಿನ್ ಆರಿಸಿದರು.

"ಇಳೀಬೇಡಿ ಮೇಡಮ್," ಎಂದರು. ಮರುಕ್ಷಣ, "ಬೇಡ, ಇಳೀರಿ. ಬೇಗ ಇಳೀರಿ."

ಸೀಟಿನ ಕೆಳಗಿಂದ ಗಾಜು ಒರೆಸುವ ಹಳದಿ ಬಟ್ಟೆ ಎಳೆದುಕೊಂಡು, ತಮ್ಮ ಬಾಗಿಲು ತೆರೆದು ಇಳಿದು, ಅದನ್ನು ಮುಚ್ಚಿ, ಹಿಂದಕ್ಕೆ, ಹೊಗೆಯೊಳಕ್ಕೆ ಓಡಿದರು. ನಾನು ಬಾಗಿಲು ತಳ್ಳಿದೆ. ಅಂಗೈಯಗಲ ತೆರೆದು ಗೋಡೆಗೆ ಬಡಿದು ನಿಂತಿತು. ಮತ್ತೆ ತಳ್ಳಿದೆ. ತಳ್ಳುತ್ತಲೇ ಇದ್ದೆ. ಗೋಡೆ ಸರಿಯುವುದಿಲ್ಲ ಎಂದು ತಲೆಗೆ ಹೋಗಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಕೊನೆಗೆ ಡ್ರೈವರ್ ಸೀಟಿನ ಕಡೆ ಹತ್ತಿದೆ. ಒಂದು ಮೊಣಕಾಲು ಗೇರಿನ ಮೇಲೆ, ಒಂದು ಕೈ ಸ್ಟಿಯರಿಂಗ್ ಮೇಲೆ ಇತ್ತು. ಆಗ ಹಾರ್ನ್ ಕೇಳಿಸಿತು.

ಬಸ್ಸು. ಗಾಳಿ ಬ್ರೇಕಿನ ಉಸಿರು, ಟೈರು ಉಜ್ಜಿದ ವಾಸನೆ. ಕಿಟಕಿಯ ಆಚೆ ಬಿಳಿ ಹೊಗೆಯಿದ್ದಲ್ಲಿ ಒಮ್ಮೆಲೇ ಬಸ್ಸಿನ ಮೈ. ಕಿಟಕಿಯ ತುಂಬ ಅದೇ. ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಗಿ ಸ್ವಲ್ಪ ಮುಂದೆ ಓರೆಯಾಗಿ ನಿಂತಿತು.

ಆಮೇಲೆ ಸದ್ದೇ ಇಲ್ಲ. ಹಿಂದೆ ನೋಡಿದೆ. ಹೊಗೆ. ಬಸ್ಸು ಬಂದಿದ್ದು ಅವರು ಓಡಿದ ದಿಕ್ಕಿನಿಂದ. ಕೂಗಬೇಕು ಅನಿಸಿತು, ಏನೆಂದು ಕೂಗಲಿ? ಐದಾರು ತಿಂಗಳಿಂದ ನೋಡುತ್ತಿದ್ದ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ಡ್ರೈವರ್ ಎನ್ನುತ್ತಿದ್ದರು, ನಾನೂ ಅದನ್ನೇ ಎನ್ನುತ್ತಿದ್ದೆ. ಬಾಯಿ ತೆರೆದುಕೊಂಡು, ಒಂದು ಶಬ್ದವೂ ಹೊರಡದೆ ಹಾಗೇ ಇದ್ದೆ. ರಾತ್ರಿ ಎಚ್ಚರವಾದರೆ ಮರಳಿ ಬರುವುದು ಬಸ್ಸಲ್ಲ, ಆ ತೆರೆದ ಬಾಯಿ.

ಅವರು ಹೊಗೆಯಿಂದ ನಡೆದುಕೊಂಡು ಬಂದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಹಳದಿ ಬಟ್ಟೆ ಇನ್ನೂ ಕೈಯಲ್ಲಿತ್ತು. ಅದನ್ನು ಕಂಡೇ ಬಸ್ಸನ್ನು ಬಲಕ್ಕೆ ಎಳೆದುಕೊಂಡೆ ಎಂದು ಆಮೇಲೆ ಬಸ್ಸಿನವರು ಹೇಳಿದರು. ಡ್ರೈವರ್ ಹತ್ತಿರ ಬಂದು, ಕನ್ನಡಿ ಇದ್ದ ಜಾಗ ನೋಡಿ, "ಕನ್ನಡಿ ಹೋಯ್ತು ಮೇಡಮ್. ಅಣ್ಣ ಬೈತಾರೆ," ಎಂದರು.

ಅಣ್ಣ ಎಂದರೆ ಯಜಮಾನರು. ಬೈದರು. ಡ್ರೈವರ್ ಕೈಯಲ್ಲಿದ್ದ ಫೋನಿನಿಂದ ಆ ಬೈಗುಳ ನನಗೂ ಕೇಳಿಸುತ್ತಿತ್ತು.

ಮಾರನೆಯ ದಿನ ಬಾಸ್ ಒಂದು ಕಾಗದ ತಯಾರು ಮಾಡಿಸಿದ್ದರು. ಒಂದೇ ಪುಟ, ಇಂಗ್ಲಿಷಿನಲ್ಲಿ. ಕೆಳಗೆ ಎರಡು ಸಹಿಯ ಜಾಗ: ಒಂದು ಡ್ರೈವರಿಗೆ, ಒಂದು ಸಾಕ್ಷಿಗೆ. ಸಾಕ್ಷಿ ನಾನು. ಡ್ರೈವರ್ ಪೆನ್ನು ಹಿಡಿದು ಸಿದ್ಧವಾಗಿದ್ದರು.

"ಏನಿದೆ ಇದರಲ್ಲಿ ಗೊತ್ತಾ?" ಎಂದೆ.

"ಗಾಡಿ ಕೆಟ್ಟೋಯ್ತು ಅಂತ ಅಲ್ವಾ ಮೇಡಮ್? ಸೈನ್ ಹಾಕ್ಬಿಡ್ತೀನಿ. ಅಣ್ಣ ನಾಲ್ಕ್ ದಿನ ಬೈದು ಸುಮ್ನಾಗ್ತಾರೆ."

ನಾನು ಕಾಗದ ತೆಗೆದುಕೊಂಡು ಕನ್ನಡದಲ್ಲಿ ಓದಿದೆ. ಮೆಲ್ಲಗೆ ಓದಲಿಲ್ಲ. ಚಾಚಾ, ಉಳಿದ ಮೆಕ್ಯಾನಿಕ್‌ಗಳು ಎಲ್ಲರಿಗೂ ಕೇಳುವಂತೆ ಓದಿದೆ. ಡ್ರೈವರ್ ಕಾರನ್ನು ಅತಿವೇಗವಾಗಿ, ಅಜಾಗರೂಕತೆಯಿಂದ ಓಡಿಸಿದ್ದಾನೆ. ಎಚ್ಚರಿಕೆಯ ದೀಪ ಹೊತ್ತಿದರೂ ನಿಲ್ಲಿಸಿಲ್ಲ. ಇಂಜಿನ್ ಹಾಳಾಗಲು ಇದೇ ಕಾರಣ. ಗ್ಯಾರೇಜು ಮಾಡಿದ ಸರ್ವಿಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

"ಯಾವ್ ದೀಪ?" ಎಂದರು ಅವರು.

"ದೀಪ ಇರ್ಲಿಲ್ಲ."

"ಇರ್ಲಿಲ್ಲ ತಾನೆ? ನೀವೂ ನೋಡ್ತಿದ್ರಿ ತಾನೆ?" ಪೆನ್ನಿನ ಮುಚ್ಚಳ ಹಾಕಿದರು. "ಇದಕ್ಕೆ ಸೈನ್ ಹಾಕಿದ್ರೆ ನಾಳೆ ಯಾರೂ ನನ್ ಕೈಗೆ ಸ್ಟೇರಿಂಗ್ ಕೊಡಲ್ಲ ಮೇಡಮ್. ನಂಗೆ ಬೇರೆ ಕೆಲ್ಸ ಬರಲ್ಲ."

ಬಾಸ್ ಒಳಗಿಂದ ಬಂದರು. "ಏನ್ ಮೇಡಮ್, ಭಾಷಣ ಮಾಡ್ತಿದೀರಾ? ನೀವ್ ಯಾರ್ ಕಡೆ ಅಂತ ಹೇಳ್ಬಿಡಿ."

"ನಾನು ಆ ಕಾರೊಳಗಿದ್ದೆ ಸರ್," ಎಂದೆ. "ಸಾಕ್ಷಿ ಅಂತ ಸಹಿ ಹಾಕ್ಬೇಕಾದ್ರೆ ನೋಡಿದ್ದಕ್ಕೆ ಹಾಕ್ತೀನಿ. ಇದಕ್ಕಲ್ಲ."

ಅವರು ಚಾಚಾ ಕಡೆ ತಿರುಗಿದರು. "ಚಾಚಾ, ನೀವೇ ಸ್ವಲ್ಪ ಹೇಳಿ."

ಚಾಚಾ ಮಧ್ಯಾಹ್ನದ ನಮಾಜಿಗೆ ಎದ್ದರು. ಮುಗಿಸಿ ಬಂದವರೇ, ಯಾರೂ ಹೇಳದೆ, ಟರ್ಬೊ ಬಿಚ್ಚಲು ಕೂತರು. ಮಾರನೆಯ ದಿನ ಸಂಜೆ ನನ್ನ ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಕೊಳವೆಯೊಂದನ್ನು ತಂದಿಟ್ಟರು. ಟರ್ಬೊಗೆ ಎಣ್ಣೆ ಒಯ್ಯುವ ಕೊಳವೆ. ಒಳಗೆ ತಳ ಹಿಡಿದ ಪಾಯಸದ ಪಾತ್ರೆಯಂತೆ ಕರಿ ಹಕ್ಕಳೆ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಲಿಲ್ಲ.

"ಟರ್ಬೊದ ಅಚ್ಚು ನೀಲಿ ತಿರುಗೈತೆ. ಒಣಗಿ ಒಣಗಿ ಸುಟ್ಟೈತೆ," ಎಂದರು. "ಬೆರಳಿಗೆ ತಣ್ಣಗಿರೋ ಎಣ್ಣೆ ಗೊತ್ತಾಗ್ತದೆ ಬೇಟಿ. ಆ ಬಿಸಿಯಲ್ಲಿ ಬೆರಳು ಇಡೋಕಾಗಲ್ಲ." ಅಷ್ಟು ಹೇಳಿ ಹೊರಟುಹೋದರು. ಅವರಿಂದ ಅದಕ್ಕಿಂತ ಹೆಚ್ಚು ನಾನೂ ಕೇಳಲಿಲ್ಲ.

ಭಾನುವಾರ ಡ್ರೈವರ್ ಸ್ಕೂಟರಿನಲ್ಲಿ ಹಿಂದೆ ಕೂತು ಯಜಮಾನರ ಮನೆಗೆ ಹೋದೆ. ಬಾಸ್‌ಗೆ ತಿಳಿಸಲಿಲ್ಲ. ಕೆಲಸಕ್ಕೆ ಬರಬೇಡ ಎಂದು ಯಜಮಾನರು ಆಗಲೇ ಡ್ರೈವರಿಗೆ ಹೇಳಿಬಿಟ್ಟಿದ್ದರು. ಬ್ಯಾಗಿನಲ್ಲಿ ಆ ಕೊಳವೆ ಮತ್ತು ಹಳೆಯ ಜಾಬ್ ಕಾರ್ಡು. ಏರುರಸ್ತೆ ಬೇಡ ಎಂದು ನಾನು ಹೇಳದೆಯೇ ಅವರು ಕೆಳಗಿನ ಸರ್ವಿಸ್ ರಸ್ತೆ ಹಿಡಿದಿದ್ದರು.

ಯಜಮಾನರು ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ಡ್ರಮ್ಮು.

"ಬಾರಮ್ಮ. ಇವನ್ನ ಯಾಕ್ ಕರ್ಕೊಂಡ್ ಬಂದೆ?"

ನಾನು ಕೊಳವೆಯನ್ನು ಅವರ ಕೈಗೆ ಕೊಟ್ಟೆ. ಏನು, ಎಲ್ಲಿಯದು ಎಂದು ಹೇಳಿದೆ. ಅವರು ತಿರುಗಿಸಿ ನೋಡಿ, ಪೊರಕೆಯಿಂದ ಒಂದು ಕಡ್ಡಿ ಮುರಿದು ಒಳಗೆ ತೂರಿಸಿದರು. ಕಡ್ಡಿ ಅರ್ಧಕ್ಕೆ ನಿಂತಿತು. ಇನ್ನೊಂದು ಕಡೆಯಿಂದ ತೂರಿಸಿದರು. ನಿಂತಿತು.

"ನಮ್ಮನೆ ಎಣ್ಣೆ ಇಸ ಅಂತೀಯ?"

"ಅಲ್ಲಣ್ಣ. ಟಿಪ್ಪರಿಗೆ ಅದೇ ಸರಿ. ಈ ಕಾರಿಗೆ ಅಲ್ಲ."

"ಅಂಗಾರೆ ತೆಪ್ಪು ನಂದು ಅಂತೀಯ."

"ಹೌದು. ನಂದೂ." ಕಾರ್ಡು ತೆಗೆದು ಗೀಟು ಹೊಡೆದ ಸಾಲನ್ನು ತೋರಿಸಿದೆ. ಗೀಟಿನಡಿ ಅಕ್ಷರ ಓದಲು ಬರುತ್ತಿತ್ತು. "ಬರ್ದಿದ್ದೂ ನಾನೇ, ಹೊಡೆದಿದ್ದೂ ನಾನೇ. ಇವರ್ದು ಮಾತ್ರ ಏನೂ ಇಲ್ಲ."

"ಅವ್ನು ರೇಸ್ ಮಾಡ್ದ ಅಂತ ನಿಮ್ ಬಾಸೇ ಏಳವ್ನೆ."

"ಅವರು ಕಾರಲ್ಲಿರ್ಲಿಲ್ಲ ಅಣ್ಣ."

ನಾನು ಅವರ ಎದುರಿಗೇ, ಕಟ್ಟೆಯ ಮೇಲೆ ಕುಳಿತು, ಕನ್ನಡದಲ್ಲಿ ಬರೆದೆ. ವೇಗ ಎಪ್ಪತ್ತು. ದೀಪ ಹೊತ್ತಿರಲಿಲ್ಲ. ಡ್ರೈವರ್ ಓಡಿಸಿದ್ದರಲ್ಲಿ ತಪ್ಪಿಲ್ಲ. ಅವರು ಹೊಗೆಯಲ್ಲಿ ಓಡಿ ಹೋಗಿ ಬಸ್ಸಿಗೆ ಸನ್ನೆ ಮಾಡಿದ್ದರಿಂದ ನಾವೂ ಬಸ್ಸಿನವರೂ ಉಳಿದೆವು. ಕಾರಿಗೆ ಹಾಕಿದ್ದು ಯಜಮಾನರ ತಂದೆಯ ಕಾಲದಿಂದ ಮನೆಯಲ್ಲಿ ಬಳಸುತ್ತಿರುವ ಡ್ರಮ್ಮಿನ ಎಣ್ಣೆ, ಅದು ಈ ಕಾರಿಗೆ ಹೇಳಿದ್ದಲ್ಲ, ಗೊತ್ತಿದ್ದೂ ನಾನು ತಡೆಯಲಿಲ್ಲ. ಸಹಿ ಹಾಕಿ ಅವರ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು. ಹರಿದುಹಾಕುತ್ತಾರೆ ಎಂದುಕೊಂಡೆ. ಹರಿದರೆ ಮತ್ತೆ ಬರೆಯುತ್ತೇನೆ ಎಂದೂ ಅಂದುಕೊಂಡೆ.

"ನಮ್ಮಪ್ಪನ್ನ ಯಾಕ್ ತಂದಿದ್ದೀಯ ಇಲ್ಲಿ?" ಎಂದರು.

"ಮೊದ್ಲಿಂದ ಅದೇ ಡ್ರಮ್ಮು ಅಂತ ನೀವೇ..."

"ನಮ್ಮಪ್ಪ ಟ್ರಾಕ್ಟರಿಗೆ ಆಕ್ದ. ಅವ್ನಿಗೆ ಈ ಕಾರ್ ಮುಖಾನೂ ಗೊತ್ತಿಲ್ಲ. ಸತ್ತೋನ ಎಸ್ರು ಕಾಗದಕ್ಕೆ ಎಳೀಬ್ಯಾಡ." ಕೈ ಚಾಚಿ ನನ್ನ ಪೆನ್ನು ಕಿತ್ತುಕೊಂಡರು. ತಂದೆಯ ಕಾಲದಿಂದ ಎಂಬುದನ್ನು ಎರಡು ಸಲ ಗೀಟು ಹಾಕಿ ಅಳಿಸಿ, ಅದರ ಮೇಲೆ ತಾವೇ ಬರೆದರು: ನಾನು ಹೇಳಿ ಹಾಕಿಸಿದ್ದು. ಪಕ್ಕದಲ್ಲಿ ಸಹಿ ಹಾಕಿದರು. ದುಂಡಗಿನ, ಸ್ಕೂಲಿನ ಹುಡುಗರಂಥ ಅಕ್ಷರ.

ಕಾಗದವನ್ನು ನನಗೆ ಕೊಡಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಡ್ರೈವರ್ ಕಡೆ ಚಾಚಿದರು. "ತಗೋ. ನಾಳೆಯಿಂದ ಬಾ ಕೆಲಸಕ್ಕೆ. ಸದ್ಯಕ್ಕೆ ಇನ್ನೊಂದ್ ಕಾರ್ ಓಡ್ಸು."

ಡ್ರೈವರ್ ಬಂದು ಕಾಗದ ತೆಗೆದುಕೊಂಡು ಮಡಿಸಿ ಶರ್ಟಿನ ಜೇಬಿಗೆ ಇಟ್ಟುಕೊಂಡರು. "ಬರಲ್ಲ ಅಣ್ಣ," ಎಂದರು.

"ಯಾಕ್ಲಾ?"

"ಬಸ್ ಬಂದಾಗ ನಾನು ರೋಡಲ್ಲಿ ನಿಂತಿದ್ದೆ. ಫೋನಲ್ಲಿ ನೀವು ಫಸ್ಟ್ ಕೇಳಿದ್ದು ಕಾರ್ ಹೆಂಗಿದೆ ಅಂತ."

ಯಜಮಾನರು ಕನ್ನಡಕ ತೆಗೆದರು. ಒಳಗಿಂದ ಯಾರೋ ಎರಡು ಲೋಟ ಕಾಫಿ ತಂದರು. ನಾವು ಕುಡಿದೇ ಹೊರಟೆವು. ಕಾಫಿಯ ಮೇಲೆ ನಮಗೆ ಕೋಪವಿರಲಿಲ್ಲ.

ಅವತ್ತೇ ಸಂಜೆ ಡ್ರೈವರ್ ಯಲಹಂಕದ ಜೆರಾಕ್ಸ್ ಅಂಗಡಿಯಲ್ಲಿ ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿದರು. ನಾನು ಮನೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ನೋಡು ಎಂದರು. ಹೋಗಲಿಲ್ಲ. ಒಂದು ತಿಂಗಳು ಬಾಸ್ ನನ್ನೊಡನೆ ಮಾತಾಡಲಿಲ್ಲ, ಗ್ರಾಹಕರ ಮುಂದೆ ಕೂರಲು ಬಿಡಲಿಲ್ಲ, ಬಿಡಿಭಾಗಗಳ ಕೋಣೆಯಲ್ಲಿ ಲೇಬಲ್ ಅಂಟಿಸಲು ಹಾಕಿದರು. ಅಂಟಿಸಿದೆ. ನೀವಾಗಿ ಬಿಟ್ಟುಹೋಗ್ತೀರಿ ಅಂದ್ಕೊಂಡಿದ್ದೆ ಎಂದು ಆಮೇಲೆ ಅವರೇ ಹೇಳಿದರು. ನಾನು ಯಾಕೆ ಬಿಟ್ಟು ಹೋಗಲಿ? ಓದಿದ್ದು ಇದಕ್ಕೇ. ಗೊತ್ತಿರುವುದನ್ನು ಗಟ್ಟಿಯಾಗಿ ಹೇಳುವುದಕ್ಕೆ ನನಗೆ ಇಷ್ಟು ದಿನ ಬೇಕಾಯಿತು. ಅದನ್ನು ಕಲಿತ ಜಾಗದಿಂದಲೇ ಓಡಿಹೋದರೆ ಮುಂದಿನ ಕ್ಯಾನು ಬಂದಾಗ ಇಲ್ಲಿ ಯಾರಿರುತ್ತಾರೆ?

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಆ ಟರ್ಬೊ ಒಡೆದಿದ್ದು ಎಣ್ಣೆಯೊಂದರಿಂದಲೇ ಎಂದು ಪ್ರಯೋಗಾಲಯದ ಸೀಲು ಒತ್ತಿದ ಕಾಗದ ನನ್ನಲ್ಲಿಲ್ಲ. ಕೊಳವೆ ಇದೆ, ಸುಟ್ಟ ಅಚ್ಚು ಇದೆ, ಬದಲಿಸಿದ ಎಣ್ಣೆ ಇದೆ. ನನಗೆ ಅಷ್ಟು ಸಾಕು. ಸಾಲದು ಎನ್ನುವವರು ಆ ಕಾರಿನ ಎಡಸೀಟಿನಲ್ಲಿ ಕೂತು ಮಾತಾಡಬಹುದು.

ಡ್ರೈವರ್ ಈಗ ಯಲಹಂಕದ ಹತ್ತಿರದ ಸಿಂಗಾಪುರ ಎಂಬ ಊರಿನ ಕಡೆ ಒಂದು ಶಾಲೆಯ ವ್ಯಾನು ಓಡಿಸುತ್ತಾರೆ. ಕೆಲಸ ಕೇಳಲು ಹೋದಾಗ ಲ್ಯಾಮಿನೇಷನ್ ಕಾಗದ ತೋರಿಸಿದರಂತೆ. ಈಗ ನನಗೆ ಅವರ ಹೆಸರು ಗೊತ್ತು. ಇಲ್ಲಿ ಬರೆಯಬೇಡಿ ಎಂದಿದ್ದಾರೆ. ಮೊನ್ನೆ ಬೆಳಿಗ್ಗೆ ಫೋನ್ ಮಾಡಿದ್ದರು.

"ಮೇಡಮ್, ಇಲ್ಲಿ ಆಯಿಲ್ ಚೇಂಜ್‌ಗೆ ಯಾವ್ದೋ ಗಾಡೀಲಿ ಮಿಕ್ಕಿದ್ದು ತಂದಿದಾರೆ. ಹಾಕ್ಸು ಅಂತಾರೆ."

"ಪುಸ್ತಕ ನೋಡಿದ್ರಾ?"

"ಪುಸ್ತಕದ ಫೋಟೊ ನಿಮಗೆ ಕಳ್ಸಿದೀನಿ ನೋಡಿ. ಇದು ಅದಲ್ಲ. ಬರ್ಕೊಡಿ ಅಂದೆ, ಬರ್ಕೊಡಲ್ಲ ಅಂದ್ರು."

"ಮತ್ತೆ ಏನ್ ಮಾಡಿದ್ರಿ?"

"ಕೀ ನನ್ ಜೇಬಲ್ಲಿದೆ. ಸರಿಯಾದ್ ಎಣ್ಣೆ ತರ್ಲಿ, ಕೊಡ್ತೀನಿ," ಎಂದರು. "ಅಲ್ಲೀತನಕ ವ್ಯಾನ್ ಹತ್ರಾನೇ ಕೂತಿರ್ತೀನಿ. ತಿಂಡಿ ಆಯ್ತಾ ನಿಮ್ದು?"